ಬಾಕಿ ಪ್ರಶ್ನೆ

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಗೆ ಅಂಟಿಕೊಂಡ ಹಾಗೆ ಡಯಾಲಿಸಿಸ್ ಕೋಣೆ ಇತ್ತು. ಅಲ್ಲಿ ಆಯಾ ಕೆಲಸ ಮಾಡುತ್ತಿದ್ದ ಹೆಂಗಸನ್ನು ಯಾರೂ ಆಯಾ ಎಂದು ಕರೆಯುತ್ತಿರಲಿಲ್ಲ. ಎದೆಗೆ ಸಿಕ್ಕಿಸಿಕೊಂಡ ಬಿಲ್ಲೆಯ ಮೇಲೆ ಅವಳ ಹೆಸರಿತ್ತು. ಅದನ್ನು ಓದಿದವರು ಕಡಿಮೆ. ಎಲ್ಲರಿಗೂ ಅವಳು ಪ್ರಶ್ನಕ್ಕ.

ಕಿಡ್ನಿ ಕೈಕೊಟ್ಟವರು ಅಲ್ಲಿಗೆ ವಾರಕ್ಕೆ ಮೂರು ಸಲ ಬರುತ್ತಾರೆ. ಬೆಳಗಿನ ಸರದಿಯವರಿಗೆ ಮಂಗಳವಾರ, ಗುರುವಾರ, ಶನಿವಾರ. ಬಂದ ಕೂಡಲೇ ತೂಕ ನೋಡಿಸಿಕೊಳ್ಳಬೇಕು. ಆಮೇಲೆ ಕೈಗೆ ಎರಡು ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ತೊಳೆದು ವಾಪಸು ಬರುತ್ತದೆ. ನಾಲ್ಕು ಗಂಟೆ ಹೊತ್ತು ಆ ಕೈ ಅಲುಗಾಡಿಸುವ ಹಾಗಿಲ್ಲ. ಪಕ್ಕಕ್ಕೆ ತಿರುಗುವ ಹಾಗಿಲ್ಲ. ಬಾಯಾರಿದರೆ ಒಂದು ಗುಟುಕು, ಅದೂ ಅಳೆದು. ಗೋಡೆಗೆ ತೂಗುಹಾಕಿದ ಟೀವಿಯಲ್ಲಿ ಬರುವುದು ಬರುತ್ತಿರುತ್ತದೆ, ನೋಡುವವರಿಲ್ಲ. ಕಾಯಿಲೆಗಿಂತ ಕಾಯುವುದೇ ದೊಡ್ಡ ಕಾಯಿಲೆ ಎಂದು ಅಲ್ಲಿಗೆ ಬರುವ ಟೈಲರಮ್ಮ ಹೇಳುತ್ತಿದ್ದರು.

ಪ್ರಶ್ನಕ್ಕನ ಕೆಲಸ ಹಾಸಿಗೆ ಒರೆಸುವುದು, ದುಪ್ಪಟಿ ಬದಲಾಯಿಸುವುದು, ರಕ್ತ ಹೊರಗೆ ಸುತ್ತಿ ಬರುವಾಗ ಮೈ ತಣ್ಣಗಾದವರಿಗೆ ಹೊದಿಕೆ ಹೊದಿಸುವುದು, ಮೀನಖಂಡ ಹಿಡಿದುಕೊಂಡರೆ ಪಾದವನ್ನು ಮೇಲಕ್ಕೆ ಒತ್ತಿ ನೋವು ಬಿಡಿಸುವುದು. ಪ್ರಶ್ನೆ ಕೇಳುವುದು ಅವಳ ಕೆಲಸವಲ್ಲ. ಅದು ಮಗಳಿಂದ ಬಂದ ಚಟ.

ಮಗಳು ಸರ್ಕಾರಿ ಕೆಲಸದ ಪರೀಕ್ಷೆಗೆ ಓದುತ್ತಿದ್ದಾಗ ಸಾಮಾನ್ಯ ಜ್ಞಾನದ ದಪ್ಪ ಪುಸ್ತಕವನ್ನು ತಾಯಿಯ ಕೈಗೆ ಕೊಟ್ಟು, "ಕೇಳಮ್ಮ, ಕೇಳ್ತಾ ಹೋಗು" ಎನ್ನುತ್ತಿದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ ತಾಯಿ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಕೇಳುತ್ತಾ ಹೋದಳು. ಸೂರ್ಯನ ಬೆಳಕು ಭೂಮಿಗೆ ಬರಲು ಎಷ್ಟು ಹೊತ್ತು? ಬೆರಳಿನಿಂದ ಓದುವ ಲಿಪಿ ಯಾವುದು? ಮ್ಯಾರಥಾನ್ ಓಟ ಎಷ್ಟು ದೂರ? ಮೊದಮೊದಲು ಉತ್ತರ ಸರಿಯೋ ತಪ್ಪೋ ನೋಡುವುದಷ್ಟೇ ಅವಳ ಪಾಲಿಗಿತ್ತು. ಹೋಗ್ತಾ ಹೋಗ್ತಾ, ಒಗ್ಗರಣೆ ಸಿಡಿಯುವಾಗ, ಬಟ್ಟೆ ಹಿಂಡುವಾಗ, ಲೋಕ ಎಷ್ಟು ದೊಡ್ಡದು, ಅದನ್ನು ಮಾಡಿದವನು ಎಷ್ಟು ಸಣ್ಣ ಸಣ್ಣದನ್ನೂ ಮರೆಯದೆ ಮಾಡಿದ್ದಾನೆ ಎಂದು ಅವಳಿಗೆ ಆಶ್ಚರ್ಯವಾಗತೊಡಗಿತು. ಎಂಟು ಕಾಲಿನ ಪ್ರಾಣಿಯೊಂದು ಸಮುದ್ರದ ಅಡಿಯಲ್ಲಿ ನೀಲಿ ರಕ್ತ ಇಟ್ಟುಕೊಂಡು ಓಡಾಡುತ್ತಿದೆಯಂತೆ. ಅದು ಯಾರಿಗೆ ಬೇಕಿತ್ತು? ಆದರೂ ಇದೆ.

ಮಗಳಿಗೆ ಕೆಲಸ ಸಿಕ್ಕಿತು, ಬೇರೆ ಊರಿಗೆ ಹೋದಳು. ಪುಸ್ತಕ ಮನೆಯಲ್ಲೇ ಉಳಿಯಿತು, ಕೇಳುವ ಚಟವೂ ಉಳಿಯಿತು. ಗಂಡನನ್ನು ಕೇಳಿದರೆ ಅವನು ಊಟದ ತಟ್ಟೆಯಿಂದ ತಲೆ ಎತ್ತದೆ, "ನೀನೇ ಹೇಳ್ಬಿಡು" ಎನ್ನುತ್ತಿದ್ದ. ಹಾಗಾಗಿ ಅವಳು ಬೆಳಿಗ್ಗೆ ಬಸ್ಸಿನಲ್ಲಿ ಕೂತು ನಾಲ್ಕು ಪ್ರಶ್ನೆ, ನಾಲ್ಕು ಉತ್ತರ ಬಾಯಿಪಾಠ ಮಾಡಿಕೊಂಡು, ಪುಸ್ತಕವನ್ನು ಊಟದ ಡಬ್ಬಿಯ ಜೊತೆ ಚೀಲದಲ್ಲಿಟ್ಟು, ಕೈ ತೊಳೆದು ಒಳಗೆ ಬರುತ್ತಿದ್ದಳು. ಯಂತ್ರಗಳ ಹತ್ತಿರ ಹೊರಗಿನ ಪುಸ್ತಕ ತರುವ ಹಾಗಿರಲಿಲ್ಲ.

ಬಾಕಿ ಪ್ರಶ್ನೆ ಹುಟ್ಟಿದ್ದು ಅಕಸ್ಮಾತ್ತಾಗಿ. ಒಂದು ದಿನ ನಾಲ್ಕನೇ ಪ್ರಶ್ನೆ ಕೇಳಿ ಉತ್ತರ ಹೇಳುವ ಮೊದಲೇ ಸಿಸ್ಟರ್ ಅವಳನ್ನು ಬೇರೆ ಕೋಣೆಗೆ ಕಳಿಸಿದರು. ತಿರುಗಿ ಬರುವಷ್ಟರಲ್ಲಿ ಟೈಲರಮ್ಮ ಹೊರಟಾಗಿತ್ತು. ಮುಂದಿನ ಸರದಿಗೆ ಅವರು ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. "ಏನೇ ಪ್ರಶ್ನಕ್ಕ, ಎರಡು ದಿನ ಸೂಜಿಗೆ ದಾರ ಪೋಣಿಸೋಕೂ ಆಗ್ಲಿಲ್ಲ ನನಗೆ. ಬೇಗ ಹೇಳು, ಶುಕ್ರ ಗ್ರಹದಲ್ಲಿ ದಿನ ದೊಡ್ಡದೋ ವರ್ಷ ದೊಡ್ಡದೋ?" ಡಯಾಲಿಸಿಸ್‌ಗೆ ಯಾರಾದರೂ ಬೇಗ ಬಂದಿದ್ದನ್ನು ಸಿಸ್ಟರ್ ಅದೇ ಮೊದಲು ನೋಡಿದ್ದು. ಅವತ್ತಿನಿಂದ ಅದೇ ಪದ್ಧತಿಯಾಯಿತು. ಮೂರು ಪ್ರಶ್ನೆಗೆ ಅಂದೇ ಉತ್ತರ, ನಾಲ್ಕನೆಯದು ಬಾಕಿ. ಬಾಕಿ ಪ್ರಶ್ನೆಯ ಉತ್ತರ ಗೊತ್ತಿದ್ದವರು ಕೂಡ ಮುಂದಿನ ಸಲದವರೆಗೆ ಬಾಯಿ ಬಿಡಬಾರದು. ಇನ್ನೂ ಒಂದು ನಿಯಮವನ್ನು ಪಕ್ಕದ ಯಂತ್ರದ ಡ್ರೈವರಣ್ಣ ಸೇರಿಸಿದ. ಮೂವತ್ತು ವರ್ಷ ಬಸ್ಸು ಓಡಿಸಿದವನು ಅವನು. "ಕಿಡ್ನಿ ಬಗ್ಗೆ ಕೇಳ್ಬಾರದು, ನೀರಿನ ಬಗ್ಗೆ ಕೇಳ್ಬಾರದು. ಆ ಎರಡು ವಿಷಯದಲ್ಲಿ ನಾವೆಲ್ಲ ಆಗ್ಲೇ ಪಂಡಿತರು."

ಮೂಲೆಯ ಯಂತ್ರಕ್ಕೆ ಅಂಪೈರ್ ಬಂದದ್ದು ಎರಡು ತಿಂಗಳ ಹಿಂದೆ. ಎತ್ತರದ ಆಳು, ನೆಟ್ಟಗೆ ನಿಲ್ಲುವವರು. ಇಡೀ ಜೀವನ ಕ್ರಿಕೆಟ್ ಮೈದಾನಗಳಲ್ಲಿ ಬಿಳಿ ಕೋಟು ಹಾಕಿಕೊಂಡು ತೀರ್ಪು ಕೊಟ್ಟವರು. ಅವರು ಬರುತ್ತಿದ್ದರು, ಕೈ ಚಾಚುತ್ತಿದ್ದರು, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಮಲಗುತ್ತಿದ್ದರು. ಪ್ರಶ್ನೆ ಅವರ ಹಾಸಿಗೆಯ ತನಕ ಹೋಗಿ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಪ್ರಶ್ನಕ್ಕ ಒತ್ತಾಯ ಮಾಡಲಿಲ್ಲ. ಕಾಲು ಹಿಡಿದುಕೊಂಡಾಗ ಪಾದ ಒತ್ತುತ್ತಿದ್ದಳು. ಅವರು ಗೋಡೆಗೇ "ಥ್ಯಾಂಕ್ಸ್" ಎನ್ನುತ್ತಿದ್ದರು.

ಅವರ ಹೆಂಡತಿ ಹೊರಗೆ ಬೆಂಚಿನ ಮೇಲೆ ನಾಲ್ಕು ಗಂಟೆಯೂ ಕೂತಿರುತ್ತಿದ್ದರು. ಒಂದು ಮಂಗಳವಾರ ಪ್ರಶ್ನಕ್ಕ ಮೈಲಿಗೆ ಬಟ್ಟೆಯ ಗಂಟು ಹೊತ್ತುಕೊಂಡು ಹೋಗುವಾಗ ಆಕೆ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದರು. ಗಂಟನ್ನು ಕೆಳಗಿಟ್ಟು ಪಕ್ಕದಲ್ಲಿ ಕೂತಳು. ಏನಾಯಿತು ಎಂದು ಕೇಳಲಿಲ್ಲ. ಆಕೆಯೇ ಹೇಳಿದರು.

"ಶನಿವಾರ ಕೊನೆಯಂತೆ ಕಣಮ್ಮ. ಆಮೇಲೆ ಬರಲ್ವಂತೆ. ಡಾಕ್ಟರಿಗೂ ಹೇಳ್ಬಿಟ್ಟಿದಾರೆ."

"ಡಾಕ್ಟರು ಏನಂದ್ರು ಅಮ್ಮಾ?"

"ಎದೆ ಗಟ್ಟಿಯಾಗಿದೆ, ಬರ್ತಾ ಇದ್ರೆ ಇನ್ನೂ ಎಷ್ಟೋ ವರ್ಷ ಇರ್ಬಹುದು ಅಂದ್ರು. ಬಿಟ್ರೆ ಒಂದೆರಡು ವಾರ ಅಂದ್ರು. ಇವರು 'ಗೊತ್ತು' ಅಂದ್ರು, ಅಷ್ಟೇ. ವಾರದಲ್ಲಿ ಮೂರು ದಿನ ಮಲಗೋದು, ಉಳಿದ ದಿನ ಅದರ ಸುಸ್ತಲ್ಲಿ ಮಲಗೋದು, ಇದೇನು ಆಟಾನಾ ಅಂತಾರೆ. ಔಟ್ ಅಂದ್ರೆ ಔಟ್ ಅಂತಾರೆ." ಆಕೆ ಮೂಗು ಒರೆಸಿಕೊಂಡರು. "ಎತ್ತಿದ ಬೆರಳು ಇಳಿಸಿದವರಲ್ಲಮ್ಮ ಇವರು. ಮದುವೆಯಾದ ಹೊಸದರಲ್ಲಿ ನೀಲಿ ಪರದೆ ಚೆನ್ನಾಗಿಲ್ಲ ಅಂದ್ರು. ಇವತ್ತಿಗೂ ನಮ್ಮ ಮನೇಲಿ ನೀಲಿ ಪರದೆ ಇಲ್ಲ. ಇವರು ಹಿಡಿದ ಮೊಲಕ್ಕೆ ಮೂರೇ ಕಾಲು."

ಪ್ರಶ್ನಕ್ಕ ಆಕೆಯ ಕೈ ಹಿಡಿದು ಕೂತಳು. ಒಳಗೆ ಹೋಗಿ ಸಿಸ್ಟರ್ ಕಿವಿಯಲ್ಲಿ ಹೇಳಿದಾಗ ಅವರು ತಲೆಯಾಡಿಸಿದರು. "ನನಗೂ ಗೊತ್ತು. ಅದು ಅವರ ತೀರ್ಮಾನ ಅಕ್ಕ. ನೀನಾಗ್ಲಿ ನಾನಾಗ್ಲಿ ಬಲವಂತ ಮಾಡೋ ಹಾಗಿಲ್ಲ. ಉಪದೇಶ ಅಂತೂ ಬೇಡವೇ ಬೇಡ."

ಉಪದೇಶ ಪ್ರಶ್ನಕ್ಕನಿಗೆ ಬರುತ್ತಲೂ ಇರಲಿಲ್ಲ. ಅವಳಿಗೆ ಬರುತ್ತಿದ್ದುದು ಪ್ರಶ್ನೆ ಮಾತ್ರ. ಅವತ್ತು ಪುಸ್ತಕದಲ್ಲಿ ಹೊಸ ಅಧ್ಯಾಯ ಶುರುವಾಗಿತ್ತು, 'ಎಷ್ಟು?' ಎಂದು ಅದರ ಹೆಸರು. ಎಲ್ಲ ಉತ್ತರವೂ ಸಂಖ್ಯೆಯೇ.

"ಆಕ್ಟೋಪಸ್‌ಗೆ ಹೃದಯ ಎಷ್ಟು?" ಎಂದು ಅವಳು ದುಪ್ಪಟಿ ಮಡಚುತ್ತಾ ಕೇಳಿದಳು.

"ಒಂದು" ಎಂದ ಡ್ರೈವರಣ್ಣ. "ಎರಡು" ಎಂದರು ಟೈಲರಮ್ಮ.

"ಏಳು" ಎಂದಳು ಪ್ರಶ್ನಕ್ಕ.

"ಅಯ್ಯೋ ಶಿವನೇ! ಒಂದನ್ನ ಸಂಭಾಳಿಸೋದೇ ಕಷ್ಟ" ಎಂದರು ಟೈಲರಮ್ಮ.

"ಇರ್ಲಿ ಬಿಡಿ. ಆರು ಸಲ ಒಡೆದ್ರೂ ಅದು ಬದುಕುತ್ತೆ" ಎಂದ ಡ್ರೈವರಣ್ಣ.

ಸುನೀತ ಅಂದರೆ ಸಾನೆಟ್ ಅನ್ನುವ ಪದ್ಯದಲ್ಲಿ ಎಷ್ಟು ಸಾಲು? ಹತ್ತು. ಟೈಲರಮ್ಮನಿಗೆ ಇದು ಇಷ್ಟವಾಗಲಿಲ್ಲ. "ಷಟ್ಪದಿಗೆ ಎಷ್ಟು ಸಾಲು ಅಂತ ಕೇಳಿದ್ರೆ ಹೇಳ್ತಿದ್ದೆ ನೋಡು, ಹೆಸರಲ್ಲೇ ಆರು ಇದೆ" ಎಂದರು. ಪ್ರಾಚೀನ ಕಾಲದ ಏಳು ಅದ್ಭುತಗಳಲ್ಲಿ ಇವತ್ತಿಗೂ ನಿಂತಿರುವುದು ಎಷ್ಟು? ಐದು. "ಪರವಾಗಿಲ್ವೇ, ಗಟ್ಟಿ ಕೆಲಸ. ಒಂದಾದ್ರೂ ನೋಡ್ಕೊಂಡು ಬರ್ಬೇಕು" ಎಂದ ಡ್ರೈವರಣ್ಣ. ಬಾಕಿ ಪ್ರಶ್ನೆ ಕ್ರಿಕೆಟ್ಟಿನದು: ನೆಲದಿಂದ ಸ್ಟಂಪ್ ಎಷ್ಟು ಇಂಚು ಎತ್ತರ ಇರಬೇಕು? ಅದನ್ನು ಕೇಳುವಾಗ ಅವಳು ಮೂಲೆಯ ಕಡೆ ನೋಡಲಿಲ್ಲ. ನೋಡಿದ್ದರೆ, ಗೋಡೆಯ ಕಡೆಗಿದ್ದ ತಲೆ ಒಂದು ಬೆರಳಿನಷ್ಟು ಅಲುಗಾಡಿದ್ದು ಕಾಣುತ್ತಿತ್ತೇನೋ.

ಗುರುವಾರ ಯಂತ್ರಗಳೆಲ್ಲ ಓಡಲು ಶುರುವಾದ ಮೇಲೆ ಡ್ರೈವರಣ್ಣ ಬಾಕಿ ಕೇಳಿದ. ಪ್ರಶ್ನಕ್ಕ ಹೊದಿಕೆ ಕೊಡವುತ್ತಾ ಹೇಳಿದಳು: "ಮೂವತ್ತೆರಡು."

"ಏನು?"

ದನಿ ಮೂಲೆಯಿಂದ ಬಂದಿತ್ತು. ಎಲ್ಲರೂ ಅತ್ತ ನೋಡಿದರು. ಅಂಪೈರ್ ಗೋಡೆ ಬಿಟ್ಟು ಈ ಕಡೆಗೆ ಮುಖ ಮಾಡಿದ್ದರು.

"ಏನಂದೆ ಅಮ್ಮಾ?"

"ಮೂವತ್ತೆರಡು ಇಂಚು ಸಾರ್."

"ಯಾವ ಮೈದಾನದಲ್ಲಿ? ಯಾವ ಲೋಕದಲ್ಲಿ? ಮೂವತ್ತೆರಡು ಇಟ್ರೆ ತಲೆ ಮೇಲೆ ಹೋಗೋ ಬಾಲೂ ಬಂದು ಬಡಿಯುತ್ತೆ! ಇಪ್ಪತ್ತೆಂಟು. ಇಪ್ಪತ್ತೆಂಟಮ್ಮ! ನನ್ನ ಕೈಯಾರೆ ಅಳತೆ ಹಿಡಿದು ನೆಡಿಸಿದ್ದೀನಿ."

ಅವರ ಯಂತ್ರ ಕೂಗಿಕೊಂಡಿತು. ಸಿಸ್ಟರ್ ಓಡಿ ಬಂದರು. "ಸಾರ್, ಕೈ ಅಲ್ಲಾಡಿಸ್ಬೇಡಿ, ಸೂಜಿ ಇದೆ!"

"ಕೈ ವಿಷಯ ಬಿಡಿ, ಇವರು ಸ್ಟಂಪನ್ನೇ ಬೆಳೆಸ್ತಾ ಇದಾರೆ" ಎಂದರು ಅಂಪೈರ್.

"ಸದ್ಯ, ಮಾತು ಬರುತ್ತೆ ಇವರಿಗೆ" ಎಂದು ಟೈಲರಮ್ಮ ತಮ್ಮಷ್ಟಕ್ಕೆ ಹೇಳಿದ್ದು ಕೋಣೆಗೆಲ್ಲ ಕೇಳಿಸಿತು.

ಪ್ರಶ್ನಕ್ಕ ಕೊಡವುತ್ತಿದ್ದ ಹೊದಿಕೆಯನ್ನು ಮಡಚಿ ಕೆಳಗಿಟ್ಟಳು. ಪುಸ್ತಕ ತಪ್ಪು ಹೇಳುತ್ತದೆ ಎಂದು ಅವಳಿಗೆ ಅನ್ನಿಸಲಿಲ್ಲ. ಮಗಳಿಗೆ ಕೆಲಸ ಕೊಡಿಸಿದ ಪುಸ್ತಕ ಅದು. ಇವರು ಸುಳ್ಳು ಹೇಳುತ್ತಾರೆ ಎಂದೂ ಅನ್ನಿಸಲಿಲ್ಲ. "ನೋಡಿ ಹೇಳ್ತೀನಿ ಸಾರ್" ಎಂದಷ್ಟೇ ಹೇಳಿದಳು. ಅವರು ಮತ್ತೆ ಗೋಡೆಯ ಕಡೆ ತಿರುಗಿದರು. ಆದರೆ ಅಂದು ಹೋಗುವ ತನಕ, "ಮೂವತ್ತೆರಡಂತೆ!" ಎಂದು ಆಗಾಗ ಗೊಣಗುವುದು ಕೇಳುತ್ತಿತ್ತು.

ಸಂಜೆ ಮನೆಗೆ ಬಂದವಳೇ ದೇವರಿಗೆ ದೀಪ ಹಚ್ಚಿ, ಕಿಟಕಿಯ ಬೆಳಕಿಗೆ ಪುಸ್ತಕ ಹಿಡಿದು ಕೂತಳು. ಆ ಪುಸ್ತಕದಲ್ಲಿ ಹಾಳೆಯ ಮುಂದಿನ ಮಗ್ಗುಲಲ್ಲಿ ಪ್ರಶ್ನೆ, ಹಿಂದಿನ ಮಗ್ಗುಲ ಬುಡದಲ್ಲಿ ತಲೆಕೆಳಗಾಗಿ ಉತ್ತರ. ಹಾಳೆ ತಿರುವಿದಳು. ಯಾಕೋ ದಪ್ಪ ಅನ್ನಿಸಿತು. ಉಗುರು ಹಾಕಿ ನೋಡಿದರೆ ಒಂದಲ್ಲ, ಎರಡು ಹಾಳೆ. ಮಗಳು ಓದುವಾಗ ಎಂದೋ ಚೆಲ್ಲಿದ ಹಾಲು ಒಣಗಿ ಎರಡನ್ನೂ ಅಂಟಿಸಿಬಿಟ್ಟಿತ್ತು. ನೀರು ಕಾಯಿಸಿ, ಹಬೆಗೆ ಹಿಡಿದು, ಚಾಕುವಿನ ಬೆನ್ನಿನಿಂದ ಮೆಲ್ಲಗೆ ಬಿಡಿಸಿದಳು. ಒಳಗೆ ಅಡಗಿದ್ದ ಪ್ರಶ್ನೆಗಳು ಕಂಡವು. ಕಾಮನಬಿಲ್ಲಿನ ಬಣ್ಣ ಎಷ್ಟು? ಏಡಿಗೆ ಕೊಂಡಿಯೂ ಸೇರಿ ಕಾಲು ಎಷ್ಟು? ಒಲಿಂಪಿಕ್ ಧ್ವಜದ ಬಳೆ ಎಷ್ಟು? ದೊಡ್ಡವರ ಬಾಯಲ್ಲಿ ಹಲ್ಲು ಎಷ್ಟು?

ಮಂಗಳವಾರ ಅವಳು ಓದಿಕೊಂಡು ಹೋಗಿದ್ದು ಇವುಗಳ ಉತ್ತರವನ್ನು. ಅವಳಿಗೆ ನಗು ಬಂತು, ಅಳುವೂ ಬಂತು. ಹಲ್ಲಿನ ಲೆಕ್ಕ ಸ್ಟಂಪಿಗೆ ಹೋಗಿತ್ತು. ಕಾಮನಬಿಲ್ಲು ಆಕ್ಟೋಪಸ್ಸಿನ ಎದೆಯೊಳಗೆ ಕೂತಿತ್ತು. ಏಡಿ ಹೋಗಿ ಪದ್ಯ ಬರೆದಿತ್ತು.

"ಹಲ್ಲು ಮೂವತ್ತೆರಡು ಅಂತ ನಿನಗೆ ಗೊತ್ತಿರ್ಲಿಲ್ವಾ?" ಎಂದ ಗಂಡ. ಅವನು ಕೇಳಿದ ಮೊದಲನೆಯ ಪ್ರಶ್ನೆ ಅದು.

"ಗೊತ್ತಿತ್ತು. ಅದು ಸ್ಟಂಪಲ್ಲಿ ಬಂದು ನಿಂತ್ಕೊಂಡ್ರೆ ಹೇಗೆ ಗುರುತು ಹಿಡೀಲಿ?"

ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ಅವಳು ಪುಸ್ತಕ ತೆಗೆಯಲಿಲ್ಲ. ಮಡಿಲಲ್ಲಿ ಚೀಲ ಇಟ್ಟುಕೊಂಡು ಕಣ್ಣು ಮುಚ್ಚಿದಳು. ಇವತ್ತು ಅವರ ಕೊನೆಯ ದಿನ. ದೇವರ ಹತ್ತಿರ ಅವಳು ದೊಡ್ಡದನ್ನು ಕೇಳಿದವಳಲ್ಲ. ಕೇಳದೆಯೇ ಬೇಕಾದಷ್ಟು ಬಂದಿದೆ ಎಂಬುದು ಅವಳ ನಂಬಿಕೆ. ಮಗಳಿಗೆ ಕೆಲಸ, ಗಂಡನಿಗೆ ಆರೋಗ್ಯ, ತನಗೆ ಬೇರೆಯವರ ಕಾಲು ಒತ್ತುವಷ್ಟು ಗಟ್ಟಿ ಕೈ. ಅವರ ಮನಸ್ಸು ತಿರುಗಿಸು ಎಂದು ಕೇಳಲು ಅವಳಿಗೆ ಬಾಯಿ ಬರಲಿಲ್ಲ. ಅವರ ಸುಸ್ತು ಅವರಿಗೇ ಗೊತ್ತು. 'ನನಗೊಂದು ಒಳ್ಳೆ ಪ್ರಶ್ನೆ ಕೊಡು ತಂದೇ' ಎಂದು ಕೇಳಿಕೊಂಡಳು. ಏನೂ ಹೊಳೆಯಲಿಲ್ಲ. ನಿಲ್ದಾಣ ಬಂತು, ಇಳಿದಳು.

ಮೊದಲು ಬಾಕಿ ಉಳಿದಿದ್ದ ಕೆಲಸ ಮುಗಿಸಬೇಕಿತ್ತು. ಎಲ್ಲರಿಗೂ ಸೂಜಿ ಹಾಕಿ ಆದ ಮೇಲೆ ಕೋಣೆಯ ಮಧ್ಯೆ ನಿಂತು, "ಮಂಗಳವಾರದ ನಾಲ್ಕು ಪ್ರಶ್ನೆಗೂ ನಾನು ಹೇಳಿದ ಉತ್ತರ ತಪ್ಪು" ಎಂದಳು. ಒಂದೊಂದನ್ನೇ ವಾಪಸು ತೆಗೆದುಕೊಂಡಳು. ಆಕ್ಟೋಪಸ್‌ಗೆ ಮೂರೇ ಹೃದಯ. ಸುನೀತಕ್ಕೆ ಹದಿನಾಲ್ಕು ಸಾಲು. ಏಳು ಅದ್ಭುತಗಳಲ್ಲಿ ನಿಂತಿರುವುದು ಒಂದೇ, ಆ ದೊಡ್ಡ ಪಿರಮಿಡ್ಡು. ಸ್ಟಂಪು ಇಪ್ಪತ್ತೆಂಟು ಇಂಚು. ಹಾಲು ಚೆಲ್ಲಿದ ಕಥೆಯನ್ನೂ ಹೇಳಿದಳು.

"ಹೋಯ್ತಲ್ಲಪ್ಪಾ!" ಎಂದು ಟೈಲರಮ್ಮ ಹಣೆ ಚಚ್ಚಿಕೊಂಡರು. "ಮೊಮ್ಮಗಳು ಶಾಲೇಲಿ ಏಳು ಹೃದಯ ಅಂತ ಹೇಳಿ ಬಂದಿದಾಳೆ. ನಮ್ಮಜ್ಜಿ ಹೇಳಿದ್ದು ಅಂತ ಟೀಚರ್ ಹತ್ರ ಜಗಳ ಬೇರೆ ಆಡಿದಾಳೆ!"

"ನನ್ನ ನಾಲ್ಕು ಅದ್ಭುತ ಬಿದ್ದೋಯ್ತು" ಎಂದ ಡ್ರೈವರಣ್ಣ. "ಮೊನ್ನೆ ತಾನೇ ನಿಂತಿದ್ವು."

ಎಲ್ಲರೂ ನಕ್ಕರು. ಪ್ರಶ್ನಕ್ಕ ಪ್ರತಿ ಹಾಸಿಗೆಯ ಹತ್ತಿರ ಹೋಗಿ, "ಮನೇಲಿ ಯಾರಿಗಾದ್ರೂ ಹೇಳಿದ್ರೆ ಇವತ್ತೇ ಸರಿ ಮಾಡಿ" ಎಂದು ಹೇಳಿ ಬಂದಳು. ಮಧ್ಯಾಹ್ನದ ಸರದಿಯವರಿಗೂ ಅವೇ ಪ್ರಶ್ನೆ ಕೇಳಿದ್ದಳು. ಅವರಿಗೂ ಹೇಳಬೇಕು ಎಂದು ಸಿಸ್ಟರ್‌ಗೆ ನೆನಪಿಸಿದಳು. ಕೊನೆಗೆ ಮೂಲೆಗೆ ಬಂದಳು.

ಅಂಪೈರ್ ಅವಳನ್ನೇ ನೋಡುತ್ತಿದ್ದರು. "ಸ್ಟಂಪಿನದು ಒಂದು ಸರಿ ಮಾಡಿದ್ರೆ ಸಾಕಿತ್ತು" ಎಂದರು. "ಉಳಿದದ್ದು ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ನನಗೆ ಗೊತ್ತಾಯ್ತಲ್ಲ ಸಾರ್. ತಪ್ಪು ಮಾಡಿದ್ದು ನಾನು, ಮನೇಲಿ ಹೇಳಿ ನಗೆಪಾಟಲಾಗೋದು ಅವರು."

"ಎಲ್ಲರ ಮುಂದೆ ವಾಪಸ್ ತಗೊಂಡ್ರೆ ನಾಳೆ ನಿನ್ನ ಮಾತು ಯಾರು ನಂಬ್ತಾರೆ? ನಮ್ಮಲ್ಲಿ ಹಾಗಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಕೈ ಎತ್ತಿದ್ರೆ ಎತ್ತಿದ ಹಾಗೆ."

ಪ್ರಶ್ನಕ್ಕ ಅವರ ಪಾದದ ಮೇಲಿನ ಹೊದಿಕೆ ಸರಿಮಾಡುತ್ತಾ ನಿಂತಳು. ಡ್ರೈವರಣ್ಣನೇ ಆ ಕಡೆಯಿಂದ ಕೂಗಿದ, "ನಂಬ್ತೀವಿ ಸಾರ್! ರಿವರ್ಸ್ ಗೇರ್ ಇಲ್ಲದ ಬಸ್ಸನ್ನ ನಾನಂತೂ ಡಿಪೋದಿಂದ ಹೊರಗೆ ತೆಗೆಯಲ್ಲ."

ಅಂಪೈರ್ ನಗಲಿಲ್ಲ. ಆದರೆ ಗೋಡೆಯ ಕಡೆಗೂ ತಿರುಗಲಿಲ್ಲ.

ಅವಳು ಹಿಂದಿನ ರಾತ್ರಿಯೇ ಓದಿಟ್ಟುಕೊಂಡಿದ್ದ ಮೂರು ಪ್ರಶ್ನೆಗೂ ಅವರು ಕಿವಿಗೊಟ್ಟಿದ್ದರು. ಹೊತ್ತು ಕಳೆಯಿತು. ಯಂತ್ರ ನಿಲ್ಲುವ ಸಮಯ ಹತ್ತಿರ ಬಂತು. "ಬಾಕಿ ಎಲ್ಲಿ?" ಎಂದು ಟೈಲರಮ್ಮ ಕೇಳಿದರು. ಪ್ರಶ್ನಕ್ಕ ಪುಸ್ತಕದ ನಾಲ್ಕನೇ ಪ್ರಶ್ನೆ ಓದಿಯೇ ಇರಲಿಲ್ಲ. ಬಾಯಿ ತೆರೆದಳು, ಬೆಳಿಗ್ಗೆ ಬಸ್ಸಿನಲ್ಲಿ ಹೊಳೆಯದಿದ್ದದ್ದು ಆಗ ಹೊಳೆಯಿತು.

"ಇದು ಪುಸ್ತಕದಲ್ಲಿ ಇಲ್ಲ. ಇದರ ಉತ್ತರ ನನಗೂ ಗೊತ್ತಿಲ್ಲ. ಅಂಪೈರ್ ಒಂದು ಸಲ ಔಟ್ ಅಂತ ಬೆರಳು ಎತ್ತಿದ ಮೇಲೆ, ತಾನೇ ಅದನ್ನ ಬದಲಾಯಿಸ್ಬಹುದಾ? ನಿಯಮ ಏನು ಹೇಳುತ್ತೆ?"

ಸಿಸ್ಟರ್ ತಲೆ ಎತ್ತಿ ಪ್ರಶ್ನಕ್ಕನನ್ನು ನೋಡಿದರು. ಇದು ಬಲವಂತವೋ ಅಲ್ಲವೋ ಎಂದು ಅವರಿಗೂ ತಿಳಿಯಲಿಲ್ಲ.

"ಆಗಲ್ಲ. ಹಾಗೆ ಬದಲಾಯಿಸ್ತಾ ಹೋದ್ರೆ ಆಟ ಹೇಗೆ ನಡೆಯುತ್ತೆ?" ಎಂದ ಡ್ರೈವರಣ್ಣ.

"ಯಾಕಾಗಲ್ಲ? ತಪ್ಪು ಹೊಲಿಗೆ ಬಿಚ್ಚಲ್ವಾ ನಾವು?" ಎಂದರು ಟೈಲರಮ್ಮ.

"ಹೊಲಿಗೇನೇ ಬೇರೆ, ಕ್ರಿಕೆಟ್ಟೇ ಬೇರೆ."

"ಇಲ್ಲೇ ಇದಾರಲ್ಲ, ಕೇಳೋಣ. ಹೇಳಿ ಸಾರ್."

ಅಂಪೈರ್ ಬಾಯಿ ತೆರೆದರು. ಪ್ರಶ್ನಕ್ಕ ಕೈ ಅಡ್ಡ ಹಿಡಿದಳು. "ಬೇಡಿ ಸಾರ್. ಬಾಕಿ ಪ್ರಶ್ನೆಗೆ ಅವತ್ತೇ ಉತ್ತರ ಇಲ್ಲ. ಮಂಗಳವಾರ."

"ಮಂಗಳವಾರ ನಾನು ಇರಲ್ಲಮ್ಮ" ಎಂದರು ಅವರು ಮೆತ್ತಗೆ. ಆ ಮಾತಿನ ಅರ್ಥ ಟೈಲರಮ್ಮನಿಗೂ ಡ್ರೈವರಣ್ಣನಿಗೂ ಆಗ ಗೊತ್ತಾಯಿತು.

"ಹಾಗಾದ್ರೆ ನಮಗೆ ಗೊತ್ತಾಗದೇ ಉಳಿಯುತ್ತೆ ಸಾರ್" ಎಂದಳು ಪ್ರಶ್ನಕ್ಕ. "ಇಷ್ಟು ದಿನ ನಮ್ಮ ಜೊತೆ ಇದ್ರಲ್ಲ. ಅಷ್ಟಕ್ಕೇ ಋಣಿ ನಾನು."

ಅವರು ಕೈಯ ಪಟ್ಟಿ ಒತ್ತಿಕೊಂಡು ಎದ್ದರು. ಬಾಗಿಲಲ್ಲಿ ಒಮ್ಮೆ ನಿಂತರು, ಏನನ್ನೋ ಮರೆತವರ ಹಾಗೆ. ಹೆಂಡತಿ ತೋಳು ಹಿಡಿದರು. ಹೋದರು.

ಭಾನುವಾರ, ಸೋಮವಾರ ಪ್ರಶ್ನಕ್ಕ ಎಂದಿನ ಹಾಗೆ ಇದ್ದಳು. ಮಗಳು ಫೋನು ಮಾಡಿದಾಗ, "ಕ್ರಿಕೆಟ್ ನಿಯಮ ತಾನೇ, ಒಂದು ನಿಮಿಷದಲ್ಲಿ ಹುಡುಕಿ ಹೇಳ್ತೀನಿ ಇರಮ್ಮ" ಎಂದಳು. "ಬೇಡ" ಎಂದಳು ತಾಯಿ. "ಅದನ್ನ ಹೇಳ್ಬೇಕಾದವರು ಬೇರೆ ಇದಾರೆ."

ಮಂಗಳವಾರ ಅವಳು ಎಲ್ಲಕ್ಕಿಂತ ಮೊದಲು ಮೂಲೆಯ ಹಾಸಿಗೆಯನ್ನೇ ಒರೆಸಿ, ಹೊಸ ದುಪ್ಪಟಿ ಹಾಸಿದಳು. ಟೈಲರಮ್ಮ ಬಂದರು, ಡ್ರೈವರಣ್ಣ ಬಂದ. ಸೂಜಿಗಳು ಬಿದ್ದವು, ಯಂತ್ರಗಳು ತಿರುಗತೊಡಗಿದವು. ಮೂಲೆ ಖಾಲಿ. ಯಾರೂ ಬಾಕಿ ಕೇಳಲಿಲ್ಲ. ಸಿಸ್ಟರ್ ಗಡಿಯಾರ ನೋಡಿದರು, ಇನ್ನೊಮ್ಮೆ ನೋಡಿದರು. "ಅಕ್ಕ, ಕಾಯ್ತಾ ಇರೋರು ಬೇರೆಯವರಿದಾರೆ. ಫೋನ್ ಮಾಡಿ ಕರೆಸ್ಲಾ?"

"ಸ್ವಲ್ಪ ತಡೀರಿ ಸಿಸ್ಟರ್" ಎಂದಳು ಪ್ರಶ್ನಕ್ಕ. ಸುಕ್ಕೇ ಇಲ್ಲದ ದುಪ್ಪಟಿಯನ್ನು ಮತ್ತೊಮ್ಮೆ ಎಳೆದು ಸರಿಮಾಡಿದಳು.

ಆಗ ಬಾಗಿಲ ಹೊರಗೆ ತೂಕದ ಯಂತ್ರ ಕಟಕ್ ಎಂದಿತು. ಎತ್ತರದ ಆಳು ಒಳಗೆ ಬಂದು ಕೋಣೆಯ ಮಧ್ಯೆ ನೆಟ್ಟಗೆ ನಿಂತರು. ತಲೆಯ ಮೇಲೆ ಹಳೆಯ ಬಿಳಿ ಟೋಪಿ.

"ಬದಲಾಯಿಸ್ಬಹುದು" ಎಂದರು. "ಆದ್ರೆ ಕೂಡ್ಲೇ ಬದಲಾಯಿಸ್ಬೇಕು. ಹಾಗಂತ ನಿಯಮದಲ್ಲೇ ಇದೆ. ಇಷ್ಟು ವರ್ಷ ನನಗೆ ಗೊತ್ತಿತ್ತು, ಉಪಯೋಗಿಸಿರ್ಲಿಲ್ಲ." ಟೋಪಿ ತೆಗೆದು ಸೇರಿಸಿದರು, "ನಾನು ಸ್ವಲ್ಪ ತಡ ಮಾಡಿದೆ."

"ಬಂದ್ರಲ್ಲ, ಸಾಕು. ಮೊದಲು ಮಲಗಿ, ಆಮೇಲೆ ನಿಯಮ" ಎಂದರು ಸಿಸ್ಟರ್. ಅವರು ಸೂಜಿ ತರಲು ಹೋದರು.

"ನಾನು ಹೇಳ್ಲಿಲ್ವಾ? ಹೊಲಿಗೆ ಬಿಚ್ಬಹುದು!" ಎಂದು ಟೈಲರಮ್ಮ ಕೂಗಿದರು.

ಅಂಪೈರ್ ಮಲಗಿದ ಮೇಲೆ ಪ್ರಶ್ನಕ್ಕ ಹತ್ತಿರ ಬಂದಳು. ಅವಳು ಹೊದಿಕೆ ಹೊದಿಸಿ, ಪಾದಗಳ ಕೆಳಗೆ ಅಂಚು ಸೇರಿಸಿ, ಆ ಪಾದಗಳ ಮೇಲೆ ಒಂದು ಕ್ಷಣ ಕೈ ಇಟ್ಟುಕೊಂಡು ನಿಂತಳು. ಕಣ್ಣು ಮುಚ್ಚಿದ್ದವು. ಅವಳು ಯಾರಿಗೆ ಥ್ಯಾಂಕ್ಸ್ ಹೇಳುತ್ತಿದ್ದಾಳೆ ಎಂದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು.

ಬಾಗಿಲಲ್ಲಿ ಅಂಪೈರ್ ಹೆಂಡತಿ ನಿಂತಿದ್ದರು. ಒಳಗೆ ಬರಬಹುದೋ ಬಾರದೋ ಎಂದು ಅನುಮಾನ. ಪ್ರಶ್ನಕ್ಕ ಹೋಗಿ ಕೈ ಹಿಡಿದು ಕರೆತಂದು ಸ್ಟೂಲಿನ ಮೇಲೆ ಕೂರಿಸಿದಳು. "ಇವತ್ತಿನ ಮೊದಲ ಪ್ರಶ್ನೆ ನೀವು ಕೇಳಿ ಅಮ್ಮಾ."

"ನಾನಾ? ನನಗೇನು ಬರುತ್ತೆ?" ಆಕೆ ಗಂಡನ ಕಡೆ ನೋಡಿದರು. ನೋಡಿದ ಹಾಗೇ ಕಣ್ಣಲ್ಲಿ ನೀರಿದ್ದರೂ ತುಟಿ ಅರಳಿತು. "ಆಗ್ಲಿ. ಮೊಲಕ್ಕೆ ಎಷ್ಟು ಕಾಲು?"

ಡ್ರೈವರಣ್ಣ ಹೋ ಎಂದು ನಕ್ಕ. ಅಂಪೈರ್ ಚಾವಣಿಯ ಕಡೆ ನೋಡುತ್ತಾ ಬಹಳ ಯೋಚನೆ ಮಾಡಿದವರ ಹಾಗೆ ಹೇಳಿದರು, "ಇವತ್ತು ನಾಲ್ಕು."

ಅವರು ಒಂದೇ ದಿನದಲ್ಲಿ ಮೆತ್ತಗಾದರು ಎಂದೇನಿಲ್ಲ. ಯಾರಾದರೂ ತಪ್ಪು ಉತ್ತರ ಹೇಳಿದರೆ ಸೂಜಿ ಇಲ್ಲದ ಕೈಯನ್ನು ಮೆಲ್ಲಗೆ ಎತ್ತಿ ಬೆರಳು ತೋರಿಸಲು ಅವತ್ತೇ ಶುರುಮಾಡಿದರು. ಎರಡು ಸಲ ಔಟಾದ ಡ್ರೈವರಣ್ಣ ಮೂರನೇ ಅಂಪೈರನ್ನು ಕರೆಯಿರಿ ಎಂದು ಗಲಾಟೆ ಮಾಡಿದ. ಯಂತ್ರ ನಿಲ್ಲುವ ಹೊತ್ತಿಗೆ ಅಂಪೈರ್, "ಇವತ್ತಿನ ಬಾಕಿ ನನ್ನದು" ಎಂದರು. "ಸ್ಟಂಪಿನ ತಲೆ ಮೇಲೆ ಎರಡು ಪುಟ್ಟ ಮರದ ತುಂಡು ಕೂತಿರುತ್ತೆ, ಬೇಲ್ಸ್ ಅಂತ. ಅದು ಬಿದ್ರೇನೇ ಬೌಲ್ಡ್. ಗಾಳಿ ಜೋರಾಗಿ ಬೀಸಿ ಆ ಬೇಲ್ಸ್ ನಿಲ್ಲದೇ ಹೋದ್ರೆ ಆಟ ನಿಲ್ಲಿಸ್ಬೇಕಾ? ನೀನು ಹೇಳ್ಬೇಕು ಪ್ರಶ್ನಕ್ಕ."

ಆ ಹೆಸರಿನಿಂದ ಅವರು ಅವಳನ್ನು ಕರೆದದ್ದು ಅದೇ ಮೊದಲು.

ಅವಳಿಗೆ ಗೊತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚೀಲದಲ್ಲಿ ಪುಸ್ತಕ ಇತ್ತು, ತೆಗೆಯಲಿಲ್ಲ. ಇಷ್ಟು ದಿನ ಬೇರೆಯವರ ಮಡಿಲಿಗೆ ಹಾಕಿ ಕಳಿಸುತ್ತಿದ್ದದ್ದು ಇವತ್ತು ತನ್ನ ಮಡಿಲಲ್ಲಿ ಬಿದ್ದಿತ್ತು. ಗೊತ್ತಿಲ್ಲದ್ದೊಂದನ್ನು ಗುರುವಾರದವರೆಗೆ ಇಟ್ಟುಕೊಳ್ಳುವುದು, ಗುರುವಾರ ಬರುತ್ತದೆ ಎಂದು ನಂಬಿಕೊಂಡು ಕೂರುವುದು ಇಷ್ಟು ಹಿತವಾಗಿರುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಕಂಡಕ್ಟರ್ ಟಿಕೆಟ್ ಎಂದಾಗ ಬೆಚ್ಚಿಬಿದ್ದು ನಕ್ಕಳು.

ಗುರುವಾರ ಅಂಪೈರ್ ಎಲ್ಲರಿಗಿಂತ ಮೊದಲು ಬಂದು ಬಾಗಿಲಲ್ಲಿ ನಿಂತಿದ್ದರು.

"ಸೋತೆ ಸಾರ್, ನೀವೇ ಹೇಳಿ" ಎಂದಳು ಪ್ರಶ್ನಕ್ಕ.

"ನಿಲ್ಲಿಸ್ಬೇಕಾಗಿಲ್ಲ. ಬೇಲ್ಸ್ ತೆಗೆದಿಟ್ಟು, ಅದಿಲ್ಲದೇನೇ ಆಡ್ಬಹುದು" ಎಂದು ಹೇಳಿ ಅವರು ತೂಕದ ಯಂತ್ರ ಹತ್ತಿದರು.